ಒಂಬತ್ತು ಬಗೆ ಬೇಡ, ಎರಡು ಸಾಲು ಸಾಕು

ನಮಸ್ಕಾರ. ಗಂಗಾವತಿಯಲ್ಲಿ ಗೆಳೆಯರಿಗೆ ಕೌಬಾಯ್ ಕಾಲದ ರೋಲ್‌ಪ್ಲೇ ಆಟ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ) ಆಡಿಸುತ್ತಿದ್ದೀರಿ. ಒಂಬತ್ತು ಬಗೆಯ ಅಲೈನ್‌ಮೆಂಟ್ (ಪಾತ್ರ ಒಳ್ಳೆಯದೋ ಕೆಟ್ಟದೋ, ನಿಯಮಕ್ಕೆ ಬದ್ಧವೋ ಅಲ್ಲವೋ ಅನ್ನೋ ಗುರುತು), ಅದರ ಮೇಲೆ ನೂರರವರೆಗಿನ ಮರ್ಯಾದೆ ಅಂಕ. ಎಲ್ಲರಿಗೂ ಗೊಂದಲ, ಹೇಗೆ ಸರಳ ಮಾಡಲಿ ಅಂತ ಕೇಳಿದ್ದೀರಿ.

ಎರಡನ್ನೂ ಕೈಬಿಡಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ರೋಲ್‌ಪ್ಲೇ ಆಟದ 1974ರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಮೂರೇ ಬಗೆಯ ಅಲೈನ್‌ಮೆಂಟ್. ಒಂಬತ್ತು ಆಮೇಲೆ ಬಂದದ್ದು.

ನಾವು ಬಳ್ಳಾರಿಯಲ್ಲಿ ಆಡುವಾಗ ಪ್ರತಿ ಪಾತ್ರಕ್ಕೂ ಎರಡು ಸಾಲು ಬರೆಯುತ್ತೇವೆ. ಏನೇ ಆದರೂ ಯಾವುದನ್ನು ಮಾಡಲ್ಲ? ಯಾರಿಗೋಸ್ಕರ ಆ ಮಾತನ್ನೂ ಮುರಿಯುತ್ತೇನೆ? ಒಬ್ಬ ಬರೆದದ್ದು: 'ಬೆನ್ನಿಗೆ ಗುಂಡು ಹೊಡೆಯಲ್ಲ. ತಮ್ಮನಿಗಾಗಿ ಹೊಡೆದೇನು.' ಈಗ ತಮ್ಮ ಜೈಲಿನಲ್ಲಿದ್ದಾನೆ. ನಾಳೆ ಬೆಳಗ್ಗೆ ಗಲ್ಲು. ಶೆರಿಫ್ ಬೆನ್ನು ತಿರುಗಿಸಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾನೆ, ಬೀಗದಕೈ ಅವನ ಸೊಂಟದಲ್ಲಿ ನೇತಾಡುತ್ತಿದೆ. ಆಗ ಟೇಬಲ್ ಸುತ್ತ ಒಬ್ಬರೂ ಫೋನ್ ನೋಡಲ್ಲ! ಅಂಕ ಕೂಡಿ ಕಳೆಯುವ ಆಟದಲ್ಲಿ ಇಂಥ ಗಳಿಗೆ ಬರೋದು ಕಷ್ಟ. ಮಾತು ಮುರಿದರೆ ಆ ಸಾಲು ಹೊಡೆದುಹಾಕಿ ಹೊಸದು ಬರೆಯಬೇಕು. ಬೇರೆ ದಂಡ ಇಲ್ಲ.

ಊರಿನವರು ಏನಂದುಕೊಳ್ತಾರೆ ಅನ್ನೋದು ಬೇರೆ ವಿಷಯ. ಅದಕ್ಕೆ ನಂಬಿಕೆ, ಅನುಮಾನ, ಭಯ ಅಂತ ಮೂರು ಸಾಕು, ಪ್ರತಿ ಊರಿಗೂ ಬೇರೆ ಬೇರೆ. ಅಮೆರಿಕದ ಎರಡೂ ಕರಾವಳಿಗಳ ನಡುವೆ ಟೆಲಿಗ್ರಾಫ್ ತಂತಿ 1861ರಲ್ಲೇ ಕೂಡಿತ್ತು. ನಿಮ್ಮ ಕಥೆ 1870ರ ದಶಕದ್ದಾದರೆ ರೈಲು ನಿಲ್ಲುವ ಊರಿಗೆ ಸುದ್ದಿ ಕುದುರೆಗಿಂತ ಮೊದಲೇ ಮುಟ್ಟಲಿ, ತಂತಿ ಇಲ್ಲದ ಹಳ್ಳಿಗೆ ತಡವಾಗಿ.

ಈಗಿರುವ ಪಾತ್ರಗಳಿಗೆ ಆ ಎರಡು ಸಾಲು ಆಟಗಾರರೇ ಬರೆಯಲಿ. ದಯವಿಟ್ಟು ನೀವು ಬರೆದುಕೊಡಬೇಡಿ.