ಎರೆ ಮಣ್ಣಿನಲ್ಲಿ ಈಜುಕೊಳ: ಬ್ಲಾಕ್ ಗೋಡೆ ಬೇಡ

ಧಾರವಾಡದ ಎರೆ ಮಣ್ಣಿನ ಹಿತ್ತಲಲ್ಲಿ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳಕ್ಕೆ ಬ್ಲಾಕ್ ಗೋಡೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ; ಆ ತಳ್ಳಾಟಕ್ಕೆ ಬ್ಲಾಕಿನ ಸಂದುಗಳು ಬಾಯಿ ಬಿಡುತ್ತವೆ. ಮೇಲೆ ಎಷ್ಟು ವಾಟರ್‌ಪ್ರೂಫಿಂಗ್ ಬಳಿದರೂ ಅದೂ ಜೊತೆಗೇ ಸೀಳುತ್ತದೆ.

ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್) ಮಾಡಿಸಿ. ಗುಂಡಿಯನ್ನು ಸುತ್ತಲೂ 2 ಅಡಿ ಹೆಚ್ಚು ತೋಡಿ. ತಳಕ್ಕೆ ಮುರಂ ಅನ್ನು 6 ಇಂಚಿನ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿ, ಮೇಲೆ 4 ಇಂಚು ಬೆಡ್ ಕಾಂಕ್ರೀಟ್. ತಳ, ಗೋಡೆ ಎರಡೂ 8 ಇಂಚು ದಪ್ಪ, ಎಂ30 ದರ್ಜೆಯ ಗಟ್ಟಿ ಕಾಂಕ್ರೀಟ್. ಸಾಮಾನ್ಯವಾಗಿ 10 ಎಂಎಂ ಕಂಬಿ 6 ಇಂಚಿಗೊಂದರಂತೆ ಎರಡು ಜಾಲರಿ ಬರುತ್ತದೆ. ನಿಮ್ಮ ಮಣ್ಣಿಗೆ ಎಷ್ಟೆಂದು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ.

ಸೋರುವುದು ಹೆಚ್ಚಾಗಿ ತಳ-ಗೋಡೆ ಕೂಡುವಲ್ಲಿ ಮತ್ತು ಪೈಪಿನ ಸುತ್ತ. ತಳದ ಜೊತೆಗೇ ಗೋಡೆಯನ್ನು 6 ಇಂಚು ಎಬ್ಬಿಸಿ, ಅದರ ಮೇಲೆ ಉಳಿದ ಗೋಡೆ ಕೂಡುವ ಸಂದಿನಲ್ಲಿ ಪಿವಿಸಿ ವಾಟರ್‌ಸ್ಟಾಪ್ (ನೀರು ತಡೆಯುವ ಪಟ್ಟಿ) ಕೂರಿಸಿ. ಪೈಪು, ಲೈಟಿನ ಡಬ್ಬಿಗಳನ್ನು ಕಾಂಕ್ರೀಟಿಗೆ ಮೊದಲೇ ಕಟ್ಟಿಡಿ, ಆಮೇಲೆ ಕೊರೆಯಬೇಡಿ. 14 ದಿನ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು), ನಂತರ ಟೈಲ್ಸಿಗೆ ಮುಂಚೆ ವಾರ ನೀರು ತುಂಬಿ ಗಮನಿಸಿ. ಪಕ್ಕದಲ್ಲೊಂದು ಬಕೆಟ್ ನೀರಿಡಿ: ಕೊಳ ಬಕೆಟ್ಟಿಗಿಂತ ಹೆಚ್ಚು ಇಳಿದರೆ ಸೋರಿಕೆ.

ಫೈಬರ್‌ಗ್ಲಾಸ್ ತೊಟ್ಟಿ ಬೇಗ ಮುಗಿಯುತ್ತದೆ, ಆದರೆ ಕ್ರೇನ್ ಒಳಗೆ ಬರಬೇಕು. ಮಳೆಗಾಲದಲ್ಲಿ ಖಾಲಿ ಮಾಡಿದರೆ ಅಂತರ್ಜಲಕ್ಕೆ ದೋಣಿಯಂತೆ ಮೇಲೇಳುತ್ತದೆ. ಲೈನರ್ (ಗೋಡೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಅಗ್ಗ ನಿಜ. ಆದರೆ ಅದರ ಹಿಂದಿನ ಗೋಡೆಗೆ ಅದೇ ಮಣ್ಣಿನ ಕಾಟ.

ನಿಮ್ಮ ಕೊಳಕ್ಕೆ ಸುಮಾರು 22,600 ಲೀಟರ್ ನೀರು. 6 ಗಂಟೆಗೊಮ್ಮೆ ಪೂರ್ತಿ ಸೋಸಲು ಗಂಟೆಗೆ 3,800 ಲೀಟರ್ ಎಳೆಯುವ ಪಂಪು ಬೇಕು.