ಅರೀನಾ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಯಾರಿದ್ದಾರೆ, ಆ ಗೌರವಕ್ಕೆ ಬೆಲೆ ಇದೆಯೇ?

ಅಮೆರಿಕನ್ ಫುಟ್‌ಬಾಲ್‌ನ ಮಾಜಿ ಆಟಗಾರ ಕರ್ಟ್ ವಾರ್ನರ್ ಅವರ ಹೆಸರು ಎರಡು ಬೇರೆ ಬೇರೆ ಹಾಲ್ ಆಫ್ ಫೇಮ್‌ಗಳಲ್ಲಿ, ಅಂದರೆ ಶ್ರೇಷ್ಠರ ಗೌರವಪಟ್ಟಿಗಳಲ್ಲಿ, ಇರುವುದನ್ನು ಓದಿ, ಅವುಗಳಲ್ಲಿ ಎರಡನೆಯದಾದ ಅರೀನಾ ಫುಟ್‌ಬಾಲ್ ಹಾಲ್ ಆಫ್ ಫೇಮ್ ಎಂದರೇನು, ಅಲ್ಲಿ ಇನ್ನು ಯಾರಿದ್ದಾರೆ, ಆ ಲೀಗೇ ಬಾಗಿಲು ಮುಚ್ಚಿರುವಾಗ ಅಂಥ ಗೌರವಕ್ಕೆ ಬೆಲೆ ಉಂಟೇ ಎಂದು ನೀವು ಕೇಳಿದ್ದೀರಿ. ಅಯೋವಾ ರಾಜ್ಯದ ಡಿ ಮೊಯ್ನ್ ನಗರದಲ್ಲಿ ಕೆಲಸದ ನಿಮಿತ್ತ ಕೆಲವು ವರ್ಷ ಇದ್ದಾಗ ನಾನು ವಾರ್ನರ್ ಹಿಂದೆ ಆಡಿದ್ದ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡದ ಪಂದ್ಯಗಳನ್ನು ನೋಡಲು ಹೋಗುತ್ತಿದ್ದೆ, ಆ ಆಟ ಇಂದಿಗೂ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಬೆಲೆ ಇದೆ ಎಂಬುದೇ ನನ್ನ ಉತ್ತರ. ಆದರೆ ಆ ಬೆಲೆ ವಾರ್ನರ್ ಅವರಿಂದ ಬಂದದ್ದಲ್ಲ ಎಂಬುದನ್ನು ವಿವರಿಸಲು ಆಟದಿಂದಲೇ ಆರಂಭಿಸಬೇಕಾಗುತ್ತದೆ.

ಬಯಲಿನಲ್ಲಿ ಆಡುವ ಅಮೆರಿಕನ್ ಫುಟ್‌ಬಾಲ್ ಮೈದಾನವು ಎರಡು ತುದಿಗಳಲ್ಲಿ ಅಂಕ ಗಳಿಸುವ ಜಾಗಗಳಾದ ಎಂಡ್‌ಝೋನ್‌ಗಳನ್ನು ಬಿಟ್ಟು 100 ಗಜ ಉದ್ದವಿರುತ್ತದೆ, ಪ್ರತಿ ತಂಡದಲ್ಲಿ 11 ಮಂದಿ ಆಡುತ್ತಾರೆ. ಚಾವಣಿಯ ಕೆಳಗೆ ಆಡುವ ಅರೀನಾ ಫುಟ್‌ಬಾಲ್‌ನಲ್ಲಿ ಉದ್ದ 50 ಗಜ, ಅಗಲ 85 ಅಡಿ, ಆಟಗಾರರು ತಂಡಕ್ಕೆ 8 ಮಂದಿ. ನಮ್ಮ ಕ್ರಿಕೆಟ್ ಪಿಚ್ 22 ಗಜವೆಂಬುದನ್ನು ನೆನೆದರೆ, ಎರಡು ಪಿಚ್‌ಗಳನ್ನು ಒಂದರ ಮುಂದೊಂದು ಇಟ್ಟ ಜಾಗಕ್ಕಿಂತ ಸ್ವಲ್ಪವೇ ಹೆಚ್ಚಿನ ನೆಲದಲ್ಲಿ 16 ದೈತ್ಯದೇಹಿಗಳು ಪರಸ್ಪರ ಢಿಕ್ಕಿ ಹೊಡೆಯುತ್ತಾರೆ ಎಂದು ಊಹಿಸಿಕೊಳ್ಳಬಹುದು. ಈ ಅಳತೆಗಳು ಮನಬಂದಂತೆ ಬಂದವಲ್ಲ. ಎರಡು ಬದಿಯ 8 ಗಜದ ಎಂಡ್‌ಝೋನ್‌ಗಳನ್ನೂ ಸೇರಿಸಿದರೆ ಒಟ್ಟು ಉದ್ದ 198 ಅಡಿಯಾಗುತ್ತದೆ, ಅಮೆರಿಕದ ಐಸ್ ಹಾಕಿ ಅಂಕಣದ ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಅಂದರೆ ಊರೂರಿನಲ್ಲಿ ಆಗಲೇ ಕಟ್ಟಿ ನಿಂತಿದ್ದ ಹಾಕಿ ಅಂಕಣದೊಳಗೆ ಸರಿಯಾಗಿ ಕೂರುವಂತೆ ಈ ಆಟವನ್ನು ಹೊಲಿಯಲಾಗಿತ್ತು. ಅಂಕಣದ ಸುತ್ತಲಿನ ಗೋಡೆಗೆ ಮೆತ್ತನೆಯ ಹೊದಿಕೆ ಹಾಕಿ ಅದನ್ನೇ ಮೈದಾನದ ಗಡಿಯಾಗಿ ಮಾಡಲಾಯಿತು. ಗೋಲ್‌ಪೋಸ್ಟ್‌ನ ಕಂಬಗಳ ನಡುವಿನ ಅಗಲವನ್ನು 9 ಅಡಿಗೆ ಇಳಿಸಿ, ಅಡ್ಡಪಟ್ಟಿಯನ್ನು 15 ಅಡಿ ಎತ್ತರಕ್ಕೆ ಏರಿಸಿ, ಅದರ ಎರಡೂ ಪಕ್ಕಗಳಲ್ಲಿ 30 ಅಡಿ ಅಗಲ, 32 ಅಡಿ ಎತ್ತರದ ಬಲೆಗಳನ್ನು ಬಿಗಿಯಾಗಿ ಕಟ್ಟಿದರು. ಗುರಿ ತಪ್ಪಿದ ಚೆಂಡು ಆ ಬಲೆಗೆ ಬಡಿದು ಹಿಂದಕ್ಕೆ ಚಿಮ್ಮಿದರೂ ಆಟ ನಿಲ್ಲುವುದಿಲ್ಲ, ಯಾರು ಹಿಡಿಯುತ್ತಾರೋ ಚೆಂಡು ಅವರದು. ಬಯಲಿನ ಆಟದಲ್ಲಿ ಚೆಂಡನ್ನು ಮುಂದಕ್ಕೆ ಒಯ್ಯಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದಕ್ಕೆ ಅದನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುವ ಪಂಟ್ ಎಂಬ ಅನುಕೂಲವಿದೆ, ಇಲ್ಲಿ ಅದಕ್ಕೂ ಅವಕಾಶವಿರಲಿಲ್ಲ. ಹೀಗಾಗಿ ಒಂದು ತಂಡ ಐವತ್ತು, ಅರವತ್ತು ಅಂಕ ಗಳಿಸುವುದು ಈ ಆಟದಲ್ಲಿ ದಿನನಿತ್ಯದ ಸಂಗತಿ.

ಚಾವಣಿಯ ಕೆಳಗೆ ಫುಟ್‌ಬಾಲ್ ಆಡಿದ್ದು ಅದೇ ಮೊದಲಲ್ಲ. 1932ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ವಿಪರೀತ ಚಳಿ ಮತ್ತು ಹಿಮ ಬಿದ್ದಾಗ, ಷಿಕಾಗೋ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ತಂಡಗಳ ನಿರ್ಣಾಯಕ ಪಂದ್ಯವನ್ನು ಷಿಕಾಗೋ ಸ್ಟೇಡಿಯಂನ ಒಳಗೆ, ಸರ್ಕಸ್‌ಗಾಗಿ ಹಾಸಿದ್ದ ಮಣ್ಣಿನ ಮೇಲೆ, ಕುಗ್ಗಿಸಿದ ಮೈದಾನದಲ್ಲಿ ಆಡಿಸಿದ್ದರು. ಆದರೆ ಅದು ಹವಾಮಾನದ ಒತ್ತಾಯಕ್ಕೆ ಮಣಿದು ಮಾಡಿದ ಏರ್ಪಾಡು. ಇಕ್ಕಟ್ಟನ್ನೇ ಆಟದ ಜೀವಾಳವಾಗಿ ಮಾಡಬಹುದು ಎಂದು ಯೋಚಿಸಿದವರು ಜಿಮ್ ಫಾಸ್ಟರ್. ಬಯಲಿನ ಅಮೆರಿಕನ್ ಫುಟ್‌ಬಾಲ್‌ನ ಅತಿದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಪ್ರಚಾರ ವಿಭಾಗದಲ್ಲಿ ಕೆಲಸದಲ್ಲಿದ್ದ ಅವರು 1981ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ಪಂದ್ಯವೊಂದನ್ನು ನೋಡುತ್ತ ಕುಳಿತಿದ್ದಾಗ, ಸಾಕರ್ ಒಳಗೆ ಬರಬಹುದಾದರೆ ಫುಟ್‌ಬಾಲ್ ಏಕೆ ಬರಬಾರದು ಎಂದುಕೊಂಡು ಕೈಯಲ್ಲಿದ್ದ ಕಂದು ಲಕೋಟೆಯ ಮೇಲೆಯೇ ಮೈದಾನದ ನಕ್ಷೆ ಬರೆದರು. 1986ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಪ್ರಾಯೋಗಿಕ ಪಂದ್ಯ ನಡೆಯಿತು. 1987ರ ಬೇಸಿಗೆಯಲ್ಲಿ ಪಿಟ್ಸ್‌ಬರ್ಗ್, ವಾಷಿಂಗ್ಟನ್, ಡೆನ್ವರ್, ಷಿಕಾಗೋ ಎಂಬ ನಾಲ್ಕೇ ತಂಡಗಳೊಂದಿಗೆ ಅರೀನಾ ಫುಟ್‌ಬಾಲ್ ಲೀಗ್ ಆರಂಭವಾಯಿತು. ಫಾಸ್ಟರ್ ಅವರು ಈ ಆಟಕ್ಕೆ ಪಡೆದ ಪೇಟೆಂಟ್ 1990ರಲ್ಲಿ ಮಂಜೂರಾಯಿತು. ಒಂದು ಆಟದ ಪದ್ಧತಿಗೇ ಪೇಟೆಂಟ್ ಸಿಗುವುದು ಅಪರೂಪ, ಅದು ಜಾರಿಯಲ್ಲಿದ್ದಷ್ಟು ಕಾಲ ಬೇರೆ ಒಳಾಂಗಣ ಲೀಗ್‌ಗಳು ಆ ಬಲೆಗಳಿಲ್ಲದೆ ಆಡಬೇಕಾಯಿತು. ಹಾಲ್ ಆಫ್ ಫೇಮ್ 1998ರಲ್ಲಿ ತನ್ನ ಮೊದಲ ಹೆಸರುಗಳನ್ನು ಆರಿಸಿದಾಗ ಅವುಗಳಲ್ಲಿ ಫಾಸ್ಟರ್ ಅವರದೂ ಒಂದಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಒಂದು ಆಟವನ್ನು ಕಲ್ಪಿಸಿದವರನ್ನು ಅವರ ಜೀವಿತಕಾಲದಲ್ಲಿಯೇ, ಅವರ ಎದುರಿನಲ್ಲಿಯೇ ಗೌರವಿಸುವ ಅವಕಾಶ ಎಷ್ಟು ಕ್ರೀಡೆಗಳಿಗೆ ದೊರೆತೀತು?

ಅದೇ ವರ್ಷ ಆಯ್ಕೆಯಾದ ಇನ್ನೊಬ್ಬರು ತರಬೇತುದಾರ ಟಿಮ್ ಮಾರ್ಕಮ್. ಮೊದಲ ವರ್ಷ ಡೆನ್ವರ್ ಡೈನಮೈಟ್, ನಂತರ ಡೆಟ್ರಾಯ್ಟ್ ಡ್ರೈವ್, ಕೊನೆಗೆ ಟ್ಯಾಂಪಾ ಬೇ ಸ್ಟಾರ್ಮ್ ಹೀಗೆ ಮೂರು ತಂಡಗಳೊಂದಿಗೆ ಅವರು ಏಳು ಬಾರಿ ಅರೀನಾ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದರು. 1999ರಲ್ಲಿ ಸೇರಿದ ಜೇ ಗ್ರುಡನ್ ಅವರದು ಇನ್ನೂ ಸ್ವಾರಸ್ಯಕರ ದಾರಿ. ಟ್ಯಾಂಪಾ ಬೇ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿಯನ್ನು ನಡೆಸುವ ಆಟಗಾರ) ಆಗಿ ನಾಲ್ಕು ಅರೀನಾ ಬೌಲ್‌ಗಳನ್ನು ಗೆದ್ದು, ಬಳಿಕ ಅದೇ ಫ್ಲಾರಿಡಾದ ಎದುರಾಳಿ ತಂಡ ಒರ್ಲ್ಯಾಂಡೊ ಪ್ರಿಡೇಟರ್ಸ್‌ನ ತರಬೇತುದಾರರಾಗಿ 1998 ಮತ್ತು 2000ದಲ್ಲಿ ಇನ್ನೆರಡನ್ನು ಗೆದ್ದವರು ಅವರು. 1998ರ ಗೆಲುವು ಬಂದದ್ದು ತಾವು ಆಡಿದ್ದ ಟ್ಯಾಂಪಾ ಬೇ ತಂಡದ ವಿರುದ್ಧವೇ. ಮುಂದೆ ಎನ್‌ಎಫ್‌ಎಲ್‌ನಲ್ಲಿ ವಾಷಿಂಗ್ಟನ್ ತಂಡಕ್ಕೆ ಅವರು ಮುಖ್ಯ ತರಬೇತುದಾರರಾದಾಗ ಅಲ್ಲಿನ ಅಭಿಮಾನಿಗಳಲ್ಲಿ ಎಷ್ಟೋ ಮಂದಿಗೆ ಈ ಹಿನ್ನೆಲೆ ಗೊತ್ತಿದ್ದಿರಲಾರದು.

ಈಗ ನೀವು ಕೇಳಿದ ವಾರ್ನರ್ ಅವರ ವಿಚಾರಕ್ಕೆ ಬರುತ್ತೇನೆ. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಆಡಿದ್ದ ಅವರನ್ನು 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡವು ಋತು ಆರಂಭವಾಗುವ ಮೊದಲೇ ಕೈಬಿಟ್ಟಿತು. ಅವರು ಸೀಡರ್ ಫಾಲ್ಸ್ ಊರಿನ ಹೈ-ವೀ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದರು. 1995ರಲ್ಲಿ ಡಿ ಮೊಯ್ನ್‌ನಲ್ಲಿ ಬಾರ್ನ್‌ಸ್ಟಾರ್ಮರ್ಸ್ ತಂಡವನ್ನು ಕಟ್ಟಿದವರು ಬೇರೆ ಯಾರೂ ಅಲ್ಲ, ಲಕೋಟೆಯ ಮೇಲೆ ನಕ್ಷೆ ಬರೆದ ಅದೇ ಜಿಮ್ ಫಾಸ್ಟರ್. ಆ ತಂಡದಲ್ಲಿ ಮೂರು ಋತು ಆಡಿದ ವಾರ್ನರ್ 1996 ಮತ್ತು 1997ರಲ್ಲಿ ತಂಡವನ್ನು ಅರೀನಾ ಬೌಲ್‌ವರೆಗೆ ಕೊಂಡೊಯ್ದರು, ಎರಡೂ ಬಾರಿ ಸೋತರು. ಇಕ್ಕಟ್ಟಾದ ಮೈದಾನದಲ್ಲಿ ಎದುರಾಳಿ ಕಣ್ಣುಮಿಟುಕಿಸುವಷ್ಟರಲ್ಲಿ ಮೇಲೆ ಬೀಳುವುದರಿಂದ, ಚೆಂಡು ಕೈಗೆ ಬಂದೊಡನೆ ಎಲ್ಲಿಗೆ ಎಸೆಯಬೇಕೆಂದು ತೀರ್ಮಾನಿಸಿ ಎಸೆದುಬಿಡುವ ಅಭ್ಯಾಸ ಅವರಿಗೆ ಅಲ್ಲಿಯೇ ಗಟ್ಟಿಯಾಯಿತು. ಅದೇ ಅಭ್ಯಾಸದ ಬಲದಿಂದ 1999ರ ಋತುವಿನಲ್ಲಿ ಎನ್‌ಎಫ್‌ಎಲ್‌ನ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡವನ್ನು ಮುನ್ನಡೆಸಿ, 2000ದ ಜನವರಿ 30ರಂದು ಟೆನೆಸಿ ಟೈಟನ್ಸ್ ವಿರುದ್ಧ 23-16ರಿಂದ ಆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದು, ಒಟ್ಟು 414 ಗಜಗಳ ಎಸೆತಗಳೊಂದಿಗೆ ಆ ಪಂದ್ಯದ ಶ್ರೇಷ್ಠ ಆಟಗಾರರಾದರು. ಅರೀನಾ ಹಾಲ್ ಆಫ್ ಫೇಮ್ ಅವರನ್ನು 2011ರಲ್ಲಿ ಸೇರಿಸಿಕೊಂಡಿತು. ಓಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ 2017ರಲ್ಲಿ ಆರಿಸಿದಾಗ, ಎರಡೂ ಕಡೆ ಹೆಸರಿರುವ ಮೊದಲಿಗರು ಅವರಾದರು.

ಇದು ನಿಜಕ್ಕೂ ಮನಮುಟ್ಟುವ ಕಥೆ, ಡಿ ಮೊಯ್ನ್‌ನಲ್ಲಿ ಕಚೇರಿಯ ಸಹೋದ್ಯೋಗಿಗಳು ಇದನ್ನು ತಮ್ಮ ಮನೆಯ ಹುಡುಗನ ಕಥೆಯಂತೆ ಹೇಳುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಆದರೂ ಅರೀನಾ ಫುಟ್‌ಬಾಲ್‌ಗೆ ಇದೇ ಪ್ರಮಾಣಪತ್ರವೆಂಬಂತೆ ಎಲ್ಲರೂ ಇದನ್ನೇ ಮುಂದಿಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಆ ಆಟವು ಇನ್ನೊಂದು ದೊಡ್ಡ ಆಟಕ್ಕೆ ಹತ್ತಿಸುವ ಏಣಿ ಮಾತ್ರವಾಗುತ್ತದೆ. ಏಣಿ ಹತ್ತಿ ಹೋದವರಿಗಿಂತ ಅಲ್ಲಿಯೇ ನಿಂತು ಆ ಆಟವನ್ನು ತುಂಬಿಕೊಟ್ಟವರು ಯಾರೆಂದು ತಿಳಿಯಲು ಹಾಲ್ ಆಫ್ ಫೇಮ್ ಬೇಕು, ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಬೆಲೆ ಇರುವುದು ಅಲ್ಲಿಯೇ.

ಅಂಥವರಲ್ಲಿ ಮೊದಲಿಗೆ ಬ್ಯಾರಿ ವ್ಯಾಗ್ನರ್ ಅವರ ಹೆಸರು ಹೇಳುತ್ತೇನೆ. ಅರೀನಾ ಲೀಗ್‌ನ ಮೊದಲ ಎರಡು ದಶಕಗಳಲ್ಲಿ ಕ್ವಾರ್ಟರ್‌ಬ್ಯಾಕ್, ಕಿಕ್ಕರ್ ಮತ್ತು ಕೆಲವೇ ವಿಶೇಷ ಆಟಗಾರರನ್ನು ಬಿಟ್ಟರೆ ಉಳಿದವರೆಲ್ಲ ದಾಳಿ, ರಕ್ಷಣೆ ಎರಡನ್ನೂ ಮಾಡಬೇಕಿತ್ತು. ಇದನ್ನು ‘ಐರನ್‌ಮ್ಯಾನ್’ ಪದ್ಧತಿ ಎಂದು ಕರೆಯುತ್ತಿದ್ದರು. ಎನ್‌ಎಫ್‌ಎಲ್‌ನಲ್ಲಿ ಒಬ್ಬ ಆಟಗಾರ ಒಂದೇ ಕೆಲಸವನ್ನು ವರ್ಷಗಟ್ಟಲೆ ತಿದ್ದಿ ತೀಡುತ್ತಾನೆ, ಚೆಂಡು ಎದುರಾಳಿಯ ಪಾಲಾದರೆ ಬೆಂಚಿಗೆ ಬಂದು ಕುಳಿತು ನೀರು ಕುಡಿಯುತ್ತಾನೆ. ವ್ಯಾಗ್ನರ್ ಹಾಗೆ ಕುಳಿತುಕೊಳ್ಳುವಂತಿರಲಿಲ್ಲ. ಅವರು ದಾಳಿಯಲ್ಲಿ ವೈಡ್ ರಿಸೀವರ್, ರಕ್ಷಣೆಯಲ್ಲಿ ಲೈನ್‌ಬ್ಯಾಕರ್. ಅಂದರೆ ಒಂದು ಗಳಿಗೆ ಓಡುತ್ತ ಹಾರಿ ಚೆಂಡು ಹಿಡಿಯುವ ಚುರುಕು, ಮರುಗಳಿಗೆ ತನಗಿಂತ ಭಾರದ ಆಳನ್ನು ತಡೆದು ನೆಲಕ್ಕೆ ಕೆಡಹುವ ಕಸುವು, ಎರಡೂ ಒಂದೇ ಮೈಯಲ್ಲಿ ಇರಬೇಕಿತ್ತು. 1992ರಿಂದ 1997ರವರೆಗೆ ಸತತ ಆರು ವರ್ಷ ಅವರು ‘ವರ್ಷದ ಐರನ್‌ಮ್ಯಾನ್’ ಪ್ರಶಸ್ತಿ ಪಡೆದರು. 1998ರಲ್ಲಿ ಗ್ರುಡನ್ ಅವರ ತರಬೇತಿಯಲ್ಲಿ ಒರ್ಲ್ಯಾಂಡೊ ಗೆದ್ದಾಗ ಆ ತಂಡದಲ್ಲಿ ಅವರಿದ್ದರು, ಮುಂದೆ ಸ್ಯಾನ್ ಹೋಸೆ ಸೇಬರ್‌ಕ್ಯಾಟ್ಸ್ ತಂಡದೊಂದಿಗೂ ಗೆದ್ದರು. 2007ರಲ್ಲಿ ಲೀಗ್ ಬದಲಿ ಆಟಗಾರರಿಗೆ ಪೂರ್ಣ ಅವಕಾಶ ಕೊಟ್ಟು ಐರನ್‌ಮ್ಯಾನ್ ಪದ್ಧತಿಯನ್ನು ಕೈಬಿಟ್ಟಿತು. ವ್ಯಾಗ್ನರ್ ಅವರ ಕೊನೆಯ ಋತುವೂ ಅದೇ ಆಗಿತ್ತು. ಆ ಬದಲಾವಣೆಯಿಂದ ಆಟ ಇನ್ನಷ್ಟು ನುರಿತವರ ಆಟವಾಯಿತು ಎಂದು ವಾದಿಸುವವರಿದ್ದಾರೆ, ನನಗಂತೂ ಅದರ ಬೆನ್ನೆಲುಬನ್ನೇ ತೆಗೆದಂತೆ ತೋರುತ್ತದೆ. ವ್ಯಾಗ್ನರ್ ಅವರನ್ನು 2011ರಲ್ಲಿ, ವಾರ್ನರ್ ಅವರ ಜೊತೆಗೇ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಸುದ್ದಿಯಲ್ಲಿ ವಾರ್ನರ್ ಅವರ ಹೆಸರು ದೊಡ್ಡದಾಗಿ ಕಂಡಿರಬಹುದು, ಆದರೆ ಆ ಆಟದ ಅಳತೆಗೋಲಿನಿಂದ ಅಳೆದರೆ ವ್ಯಾಗ್ನರ್ ಒಂದು ಹೆಜ್ಜೆಯೂ ಹಿಂದಿಲ್ಲ.

ಎಡ್ಡಿ ಬ್ರೌನ್ ಅವರ ಬಗ್ಗೆಯೂ ಇದೇ ಮಾತು ಹೇಳಬೇಕು. ಆಲ್ಬನಿ ಫೈರ್‌ಬರ್ಡ್ಸ್ ತಂಡದ ಈ ರಿಸೀವರ್ ಅವರನ್ನು ಲೀಗ್ ತನ್ನ 20ನೆಯ ಋತುವಿನ ಸಂದರ್ಭದಲ್ಲಿ, 2006ರಲ್ಲಿ, ಅದುವರೆಗಿನ ಶ್ರೇಷ್ಠ ಆಟಗಾರರ ಪಟ್ಟಿಯ ಮೊದಲ ಸ್ಥಾನದಲ್ಲಿ ಇಟ್ಟಿತು. ಅದೇ ಪಟ್ಟಿಯಲ್ಲಿ ಸೂಪರ್ ಬೌಲ್ ಗೆದ್ದ ವಾರ್ನರ್ ಅವರಿಗಿಂತ ಅವರು ಮೇಲಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಇಂದು ಅವರನ್ನು ಬಹುಪಾಲು ಜನ ಗುರುತಿಸುವುದು ಎನ್‌ಎಫ್‌ಎಲ್‌ನ ಮಾಜಿ ಆಟಗಾರ ಆಂಟೋನಿಯೊ ಬ್ರೌನ್ ಅವರ ತಂದೆ ಎಂದೇ. ತಂದೆ ತನ್ನದೇ ಆಟದಲ್ಲಿ ಎಲ್ಲರಿಗಿಂತ ಮೇಲೆ ನಿಂತಿದ್ದರು ಎಂಬುದನ್ನು ಹೇಳಲು ಒಂದು ಅಧಿಕೃತ ಜಾಗವಾದರೂ ಇರಬೇಕಲ್ಲವೇ?

ಲೀಗ್ ಮುಚ್ಚಿದ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2008ರ ಜುಲೈಯಲ್ಲಿ ಫಿಲಡೆಲ್ಫಿಯಾ ಸೋಲ್ ತಂಡ ಸ್ಯಾನ್ ಹೋಸೆಯನ್ನು 59-56ರಿಂದ ಸೋಲಿಸಿ ಅರೀನಾ ಬೌಲ್ ಗೆದ್ದಿತು, ಆದರೆ ಹಣಕಾಸಿನ ತೊಂದರೆಯಿಂದ 2009ರ ಋತು ನಡೆಯಲೇ ಇಲ್ಲ. ಲೀಗ್ ದಿವಾಳಿಯಾಗಿ, 2010ರಲ್ಲಿ ಹೊಸ ಆಡಳಿತದೊಂದಿಗೆ ಮತ್ತೆ ಎದ್ದು, 2019ರ ಕೊನೆಯಲ್ಲಿ ಮತ್ತೊಮ್ಮೆ ದಿವಾಳಿಯಾಗಿ ನಿಂತಿತು. 2024ರಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ಲೀಗ್ ಆರಂಭವಾದರೂ ಮೊದಲ ಕೆಲವು ವಾರಗಳಲ್ಲಿಯೇ ಹಲವು ತಂಡಗಳು ಕಳಚಿಕೊಂಡವು. ಬಾರ್ನ್‌ಸ್ಟಾರ್ಮರ್ಸ್ ತಂಡವು 2015ರಿಂದ ಇಂಡೋರ್ ಫುಟ್‌ಬಾಲ್ ಲೀಗ್ ಎಂಬ ಬೇರೆ ಲೀಗ್ ಸೇರಿ ಆಟ ಮುಂದುವರಿಸಿತು. ಲೀಗ್ ಜೀವಂತವಾಗಿರುವಾಗ ಹಳಬರನ್ನು ನೆನೆಯಲು ಪ್ರತಿ ಊರಿನಲ್ಲಿ ಒಂದು ತಂಡ, ಒಂದು ಕಚೇರಿ, ಗೋಡೆಯ ಮೇಲೆ ತೂಗುವ ಬಾವುಟ ಇರುತ್ತವೆ. ತಂಡ ಹೋದಾಗ ಬಾವುಟವೂ ಇಳಿಯುತ್ತದೆ. ಡೆಟ್ರಾಯ್ಟ್ ಡ್ರೈವ್ ಈಗ ಇಲ್ಲ, ಡೆನ್ವರ್ ಡೈನಮೈಟ್ ಇಲ್ಲ, ಸೇಬರ್‌ಕ್ಯಾಟ್ಸ್ ಕೂಡ ಇಲ್ಲ. ಆ ತಂಡಗಳಿಗಾಗಿ ದುಡಿದವರ ಹೆಸರು ಒಟ್ಟಾಗಿ ಉಳಿದಿರುವುದು ಈ ಪಟ್ಟಿಯಲ್ಲಿ. ಆದ್ದರಿಂದ ಲೀಗ್ ಇಲ್ಲದಿರುವಾಗ ಗೌರವಕ್ಕೆ ಬೆಲೆ ಏನು ಎಂಬ ನಿಮ್ಮ ಪ್ರಶ್ನೆಗೆ, ಲೀಗ್ ಇಲ್ಲದಿರುವುದರಿಂದಲೇ ಅದರ ಬೆಲೆ ಹೆಚ್ಚಿದೆ ಎಂದು ನಾನು ಹೇಳುತ್ತೇನೆ.

ಈ ಆಟವನ್ನು ನೀವು ಇದುವರೆಗೆ ನೋಡಿಲ್ಲವೆಂದಾದರೆ ತೊಂಬತ್ತರ ದಶಕದ ಒರ್ಲ್ಯಾಂಡೊ ತಂಡದ ಯಾವುದಾದರೂ ಹಳೆಯ ಪಂದ್ಯದ ದೃಶ್ಯವನ್ನು ಹುಡುಕಿ ನೋಡಿ. ಅಂಕಗಳ ಕಡೆಗೆ ಹೆಚ್ಚು ಗಮನ ಕೊಡಬೇಡಿ, ಚೆಂಡು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗುವ ಕ್ಷಣವನ್ನು ಗಮನಿಸಿ. ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ ತೆಗೆಯುತ್ತ ಬೆಂಚಿನ ಕಡೆಗೆ ನಡೆಯುವಾಗ, ವ್ಯಾಗ್ನರ್ ಮೈದಾನದಲ್ಲಿಯೇ ಉಳಿದು ಗೆರೆಯ ಆಚೆ ಬದಿಗೆ ಮುಖ ತಿರುಗಿಸಿ ನಿಲ್ಲುವುದು ನಿಮಗೆ ಕಾಣುತ್ತದೆ.