ಮನೆಯಲ್ಲೇ ಕಟ್ಟುವ ವಿಮಾನದಲ್ಲಿ ರೆಕ್ಕೆಯ ಫಿಟಿಂಗ್ (ರೆಕ್ಕೆಯನ್ನು ಒಡಲಿಗೆ ಬೋಲ್ಟ್ ಹಾಕಿ ಜೋಡಿಸುವ, ತೂತಿರುವ ಲೋಹದ ತುಂಡು) ಬೆಸೆಯುವಾಗ ಎರಡೂ ಬದಿಗೆ ಸೇರಿ ಒಂದೇ ಉದ್ದನೆಯ ಸರಳು ತೂರಿಸುವುದೇಕೆ?

ಎಡಬಲದ ತೂತುಗಳು ಒಂದೇ ಗೆರೆಯಲ್ಲಿ ಉಳಿಯಲಿ ಎಂದು. ಉಕ್ಕಿನ ಕೊಳವೆಗಳ ಒಡಲಿಗೆ ಫಿಟಿಂಗ್ ಬೆಸೆದಾಗ, ಬೆಸುಗೆ ಆರುತ್ತಾ ಕುಗ್ಗಿ ಅದನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಗುರುತು ಎಷ್ಟೇ ಸರಿಯಾಗಿ ಹಾಕಿದ್ದರೂ ಜರುಗಿಬಿಡುತ್ತದೆ. ಅಷ್ಟಕ್ಕೇನು ಅನ್ನಬೇಡಿ. ಮುಂದಿನ ಮತ್ತು ಹಿಂದಿನ ಸ್ಪಾರ್‌ಗಳ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗಳು) ನಡುವೆ 750 ಮಿ.ಮೀ. ಅಂತರವಿದ್ದರೆ, ಒಂದು ಬದಿಯ ಹಿಂದಿನ ಫಿಟಿಂಗ್ ಬರೀ 3 ಮಿ.ಮೀ. ಮೇಲೆ ಕೂತರೂ ಆ ರೆಕ್ಕೆ ಗಾಳಿಗೆ ಎದುರಾಗುವ ಕೋನ ಸುಮಾರು ಕಾಲು ಡಿಗ್ರಿ ತಗ್ಗುತ್ತದೆ. ಆ ಬದಿಗೆ ಎತ್ತುವ ಬಲ ಕಡಿಮೆ. ವಿಮಾನ ಸದಾ ಅತ್ತಲೇ ವಾಲುತ್ತದೆ.

ಸರಳು ಬಿಗಿದು ಮೊದಲು ಚುಕ್ಕೆ ಬೆಸುಗೆ (ಜಾಗ ಕದಲದಂತೆ ಅಲ್ಲಲ್ಲಿ ಹಾಕುವ ಚಿಕ್ಕ ಬೆಸುಗೆ), ಆಮೇಲೆ ಎಡಬಲ ಸರದಿಯಂತೆ ಸ್ವಲ್ಪಸ್ವಲ್ಪ. ಪೂರ್ತಿ ಆರುವ ತನಕ ತೆಗೆಯಬಾರದು. ತೂತನ್ನು ತುಸು ಸಣ್ಣದಾಗಿ ಕೊರೆದಿಟ್ಟು, ಕೊನೆಗೆ ರೀಮರ್‌ನಿಂದ (ತೂತನ್ನು ನಯವಾಗಿ ತುಸುವೇ ಹಿಗ್ಗಿಸುವ ಉಪಕರಣ) ಬೋಲ್ಟಿನ ಅಳತೆಗೆ ತರುವುದು ನನ್ನ ಪ್ರಕಾರ ಇನ್ನೂ ಮುಖ್ಯ.